ಪುಟದ ಅಳತೆ ಮತ್ತು ಉಲ್ಲೇಖದ ವಿಳಾಸ

ಗ್ರಂಥವೊಂದನ್ನು ಕುರಿತು ಮಾತನಾಡುವಾಗ ಅದರ ವಸ್ತು, ಭಾಷೆ, ಛಂದಸ್ಸುಗಳ ಚರ್ಚೆ ನಡೆಯುತ್ತದೆ. ಪುಟದ ಅಳತೆಯ ಪ್ರಸ್ತಾಪ ಬರುವುದು ವಿರಳ. ಅದು ಮುದ್ರಕರಿಗೆ ಸೇರಿದ ವಿಷಯವೆಂಬ ಭಾವನೆ ವಿದ್ವತ್ ವಲಯದಲ್ಲಿ ಸಾಮಾನ್ಯವಾಗಿದೆ. ಬೆರಳಚ್ಚಿನ ಕಾಲದಲ್ಲಿ ಈ ಭಾವನೆಗೆ ಆಧಾರವಿತ್ತು. ಒಮ್ಮೆ ಅಚ್ಚಾದ ಹಾಳೆ ತನ್ನ ಅಳತೆಯನ್ನು ಬದಲಿಸುತ್ತಿರಲಿಲ್ಲ. ಗಣಕದಲ್ಲಿ ಮಹಾಪ್ರಬಂಧವನ್ನು ಸಿದ್ಧಪಡಿಸುವ ಸಂಶೋಧಕರಿಗೆ ಆ ನಿಶ್ಚಿಂತೆಯಿಲ್ಲ. ನೂರಾರು ಪುಟಗಳ ಅಗಲ ಎತ್ತರಗಳನ್ನು ಒಂದೇ ಆದೇಶದಿಂದ ಬದಲಾಯಿಸುವ ಮ್ಯಾಕ್ರೊಗಳು ಅವರ ಕೈಗೆ ಬಂದಿವೆ. ಆ ಕ್ಷಣದಲ್ಲಿ ಬದಲಾಗುವುದು ಕಾಗದದ ಅಳತೆ ಮಾತ್ರವೆ ಎಂಬುದು ವಿಚಾರಿಸಬೇಕಾದ ಪ್ರಶ್ನೆ.

ಓಲೆಗರಿಯ ಪರಂಪರೆಯನ್ನು ಇಲ್ಲಿ ನೆನೆಯಬಹುದು. ಗರಿಯ ಉದ್ದ ಅಗಲಗಳನ್ನು ತಾಳೆಯ ಎಲೆಯೇ ಬಹುಮಟ್ಟಿಗೆ ನಿರ್ಧರಿಸುತ್ತಿತ್ತು. ಒಂದು ಪ್ರತಿಯ ಗರಿಸಂಖ್ಯೆ ಮತ್ತೊಂದು ಪ್ರತಿಯ ಗರಿಸಂಖ್ಯೆಗೆ ಹೊಂದಬೇಕೆಂಬ ನಿರೀಕ್ಷೆ ಯಾರಿಗೂ ಇರಲಿಲ್ಲ. ಪಂಪಭಾರತದ ಪದ್ಯವನ್ನು ಇಂದಿಗೂ ಆಶ್ವಾಸ ಮತ್ತು ಪದ್ಯಸಂಖ್ಯೆಯಿಂದ, ಕುಮಾರವ್ಯಾಸನ ಪದ್ಯವನ್ನು ಪರ್ವ, ಸಂಧಿ, ಪದ್ಯಸಂಖ್ಯೆಗಳಿಂದ ಗುರುತಿಸುವ ಕ್ರಮವಿದೆ. ಈ ವಿಳಾಸ ಪಠ್ಯಕ್ಕೆ ಸೇರಿದ್ದೇ ಹೊರತು ಅದನ್ನು ಹೊತ್ತ ಹಾಳೆಗೆ ಸೇರಿದ್ದಲ್ಲ. ಆದ್ದರಿಂದಲೇ ಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದರೂ ಅದು ಉಳಿದುಕೊಂಡಿತು.

ಮುದ್ರಣವು ಇದರ ಪಕ್ಕದಲ್ಲಿ ಪುಟಸಂಖ್ಯೆಯೆಂಬ ಮತ್ತೊಂದು ವಿಳಾಸವನ್ನು ರೂಢಿಗೆ ತಂದಿತು. ಅದು ನಿಲ್ಲಬೇಕಾದರೆ ಪುಟದ ಅಳತೆ ನಿಲ್ಲಬೇಕು. ಮಹಾಪ್ರಬಂಧವು ಸಾಮಾನ್ಯವಾಗಿ ೨೧೦ × ೨೯೭ ಮಿಲಿಮೀಟರಿನ ಎ೪ ಹಾಳೆಯಲ್ಲಿ ಸಿದ್ಧವಾಗುತ್ತದೆ. ಅರ್ಧಕ್ಕೆ ಮಡಿಸಿದರೂ ಅಗಲ ಎತ್ತರಗಳ ಪ್ರಮಾಣ ಕೆಡದ ಈ ಹಾಳೆಗಳ ಮಾಲೆಯನ್ನು ಜರ್ಮನಿಯು ೧೯೨೨ರಲ್ಲಿ ತನ್ನ ಮಾನಕವಾಗಿ ಸ್ವೀಕರಿಸಿತು. ೧೯೭೫ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಅದೇ ಪ್ರಬಂಧ ಗ್ರಂಥರೂಪ ಪಡೆಯುವಾಗ ಕನ್ನಡ ಪ್ರಕಟಣೆಯ ರೂಢಿಯಂತೆ ಡೆಮಿ ೧/೮ಕ್ಕೆ, ಎಂದರೆ ಸುಮಾರು ೫.೫ × ೮.೫ ಅಂಗುಲಕ್ಕೆ ಇಳಿಯುತ್ತದೆ. ಮ್ಯಾಕ್ರೊಗೆ ಕೆಲಸ ಬೀಳುವುದು ಇಲ್ಲಿಯೇ.

ಈ ಕೆಲಸದ ಬಗೆಯನ್ನು ಅರಿಯುವುದು ಅವಶ್ಯ. ವರ್ಡ್ ತಂತ್ರಾಂಶದ ಡಾಕ್ಸ್ ಕಡತದಲ್ಲಿ ಪುಟದ ಅಳತೆಯನ್ನು ಅಂಗುಲದ ೧೪೪೦ನೆಯ ಒಂದು ಭಾಗವನ್ನು ಮಾನವಾಗಿಟ್ಟು ದಾಖಲಿಸಲಾಗುತ್ತದೆ; ಎ೪ ಅಲ್ಲಿ ೧೧೯೦೬ ಮತ್ತು ೧೬೮೩೮ ಎಂಬ ಎರಡು ಸಂಖ್ಯೆಗಳಾಗಿ ಇರುತ್ತದೆ. ಈ ಅಳತೆ ಇಡೀ ಕಡತಕ್ಕೆ ಒಂದೇ ಅಲ್ಲ, ಪ್ರತಿಯೊಂದು ವಿಭಾಗಕ್ಕೂ ಬೇರೆಯಾಗಿರಬಹುದು. ಎಲ್ಲ ವಿಭಾಗಗಳನ್ನೂ ಮುಟ್ಟದ ಮ್ಯಾಕ್ರೊ ಕೆಲವು ಅಧ್ಯಾಯಗಳನ್ನು ಹಳೆಯ ಅಳತೆಯಲ್ಲಿಯೇ ಬಿಡುತ್ತದೆ. ಎಲ್ಲವನ್ನೂ ವಿವೇಚನೆಯಿಲ್ಲದೆ ಮುಟ್ಟುವ ಮ್ಯಾಕ್ರೊ ಅಗಲವಾದ ಕೋಷ್ಟಕಕ್ಕಾಗಿ ಅಡ್ಡ ಇಟ್ಟ ಪುಟವನ್ನೂ ನೆಟ್ಟಗೆ ನಿಲ್ಲಿಸಿಬಿಡುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಕಡತದಲ್ಲಿ ಅಳತೆಯಿರುತ್ತದೆಯೇ ವಿನಾ ಸಿದ್ಧವಾದ ಪುಟಗಳಿರುವುದಿಲ್ಲ. ತೆರೆದಾಗಲೆಲ್ಲ ಅಳತೆ, ಅಂಚು, ಅಕ್ಷರವಿನ್ಯಾಸಗಳನ್ನು ನೋಡಿಕೊಂಡು ತಂತ್ರಾಂಶವು ಪುಟಗಳನ್ನು ಹೊಸದಾಗಿ ಕಟ್ಟುತ್ತದೆ. ಒಂದು ಗಣಕದಲ್ಲಿರುವ ಕನ್ನಡ ಅಕ್ಷರವಿನ್ಯಾಸ ಮತ್ತೊಂದರಲ್ಲಿ ಇಲ್ಲದಿದ್ದರೆ, ಅಳತೆ ಒಂದೇ ಆಗಿದ್ದರೂ ಸಾಲು ಒಡೆಯುವ ಜಾಗ ಬೇರೆಯಾಗಿ ಪುಟಗಳು ಸರಿಯುತ್ತವೆ.

ಪರಿಣಾಮಗಳು ಎರಡು ಬಗೆಯವು. ಮೊದಲನೆಯದು ಪದ್ಯಕ್ಕೆ ಸಂಬಂಧಿಸಿದ್ದು. ಎರಡೂ ಬದಿಗೆ ಒಂದೊಂದು ಅಂಗುಲ ಅಂಚಿರುವ ಎ೪ ಪುಟದಲ್ಲಿ ಬರಹಕ್ಕೆ ಸುಮಾರು ೬.೨೭ ಅಂಗುಲ ಅಗಲವಿರುತ್ತದೆ. ಅಂಚನ್ನು ತಿದ್ದದೆ ಡೆಮಿಗೆ ಇಳಿಸಿದರೆ ಉಳಿಯುವುದು ೩.೫ ಅಂಗುಲ. ಪಾದಕ್ಕೆ ೨೨ ಅಕ್ಷರಗಳಿರುವ ಮಹಾಸ್ರಗ್ಧರೆ ಅಲ್ಲಿ ಒಂದು ಸಾಲಿನಲ್ಲಿ ನಿಲ್ಲುವುದು ಕಷ್ಟ. ಪಾದಾದಿಯಲ್ಲಿ ಒಂದರ ಕೆಳಗೊಂದು ಕಾಣುತ್ತಿದ್ದ ಆದಿಪ್ರಾಸದ ನಡುವೆ ಮುರಿದ ಸಾಲಿನ ತುಣುಕು ಬಂದು ಸೇರುತ್ತದೆ. ಪದ್ಯದ ಪಾದವ್ಯವಸ್ಥೆ ಕಣ್ಣಿಗೆ ಮಸುಕಾಗುತ್ತದೆ. ಎರಡನೆಯದು ಶಾಸ್ತ್ರಕ್ಕೆ ಸಂಬಂಧಿಸಿದ್ದು. ಪರಿವಿಡಿ, ಪದಸೂಚಿ, ‘ಹಿಂದಿನ ಪುಟ ನೋಡಿ’ ಎಂಬ ಸೂಚನೆಗಳಲ್ಲಿ ಕೈಯಿಂದ ಟೈಪು ಮಾಡಿದ ಅಂಕಿಗಳು ಯಥಾಸ್ಥಿತಿಯಲ್ಲಿ ಉಳಿಯುತ್ತವೆ. ಅವು ತೋರುವ ಪುಟಗಳು ಮಾತ್ರ ಬೇರೆಯಾಗಿರುತ್ತವೆ. ಅಂಕಿಗಳೇ ಇಲ್ಲದ ಪದಸೂಚಿ ಅಪೂರ್ಣವೆಂದು ಕೂಡಲೇ ತಿಳಿಯುತ್ತದೆ. ತಪ್ಪು ಅಂಕಿಗಳುಳ್ಳ ಪದಸೂಚಿ ಪೂರ್ಣವೆಂಬಂತೆ ಕಾಣುತ್ತ ಓದುಗರನ್ನು ದಾರಿತಪ್ಪಿಸುತ್ತದೆ. ಮುಂದಿನ ಸಂಶೋಧಕರು ಆಕರವನ್ನು ಹುಡುಕಿ ಕಾಣದೆ ಹೋದಾಗ ಅನುಮಾನ ಬೀಳುವುದು ಮ್ಯಾಕ್ರೊದ ಮೇಲಲ್ಲ, ಗ್ರಂಥದ ಮೇಲೆ.

ಹಾಗೆಂದು ಯಂತ್ರವನ್ನು ದೂರವಿಡುವುದು ಪರಿಹಾರವಲ್ಲ. ಇಪ್ಪತ್ತು ವಿಭಾಗಗಳ ಅಳತೆಯನ್ನು ಕೈಯಿಂದ ಒಂದೊಂದಾಗಿ ತಿದ್ದುವಾಗ ಒಂದೆರಡು ತಪ್ಪಿಹೋಗುವ ಸಂಭವವೇ ಹೆಚ್ಚು; ಏಕರೂಪತೆಯಲ್ಲಿ ಯಂತ್ರ ಮನುಷ್ಯನನ್ನು ಮೀರಿಸುತ್ತದೆ. ಆದರೆ ಶೀರ್ಷಿಕೆಗಳಿಗೆ ನಿಗದಿತ ಶೈಲಿಯನ್ನು ಕೊಟ್ಟು ಪರಿವಿಡಿಯನ್ನು ತಂತ್ರಾಂಶದಿಂದಲೇ ಪಡೆಯುವುದು, ಪದಸೂಚಿಯ ಪದಗಳನ್ನು ಪಠ್ಯದೊಳಗೇ ಗುರುತು ಮಾಡುವುದು, ಅಳತೆ ಬದಲಾದ ಬಳಿಕ ಇವೆರಡನ್ನೂ ನವೀಕರಿಸುವುದು, ಪದ್ಯಭಾಗಗಳನ್ನು ಕಣ್ಣಿನಿಂದ ಪರಿಶೀಲಿಸುವುದು, ಅಂತಿಮ ಪ್ರತಿಯನ್ನು ಪಿಡಿಎಫ್ ರೂಪದಲ್ಲಿ ಸ್ಥಿರಗೊಳಿಸುವುದು ಸಂಶೋಧಕರ ಹೊಣೆ. ಇವುಗಳಲ್ಲಿ ಯಾವುದನ್ನೂ ಪುಟದ ಅಳತೆಯನ್ನಷ್ಟೇ ಬದಲಿಸುವ ಮ್ಯಾಕ್ರೊ ತಾನಾಗಿ ಮಾಡದು.

ಕಾವ್ಯವನ್ನು ಉಲ್ಲೇಖಿಸುವಾಗ ಪುಟಸಂಖ್ಯೆಯೊಡನೆ ಆಶ್ವಾಸ, ಸಂಧಿ, ಪದ್ಯಸಂಖ್ಯೆಗಳನ್ನೂ ಕೊಡುವ ಹಳೆಯ ಶಿಸ್ತು ಈ ಹಿನ್ನೆಲೆಯಲ್ಲಿ ಹೊಸ ಬೆಲೆ ಪಡೆಯುತ್ತದೆ. ಗದ್ಯಕೃತಿಗಳಿಗೂ ಅಧ್ಯಾಯ, ಪರಿಚ್ಛೇದಗಳ ಸಂಖ್ಯೆಯನ್ನು ನೀಡುವ ಕ್ರಮವನ್ನು ವಿಭಾಗಗಳು ರೂಢಿಸಿಕೊಳ್ಳಬಹುದು. ಪುಟ ಇನ್ನು ಮುಂದೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಅದರೊಡನೆ ಅಲುಗಾಡದ ವಿಳಾಸವನ್ನು ಪಠ್ಯಕ್ಕೆ ಕೊಡುವುದು ಸಂಪಾದನೆಯ ಕೆಲಸವೇ ಆಗಿದೆ.