ಮಂಜಿನ ಕೆರೆಯಲ್ಲಿ ನನಗೂ ಒಂದು ಜಾಗ

“ಮಂಜುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋ ಸ್ಪರ್ಧೆ ಇದೆ, ಬರ್ತೀಯಾ?” ಅಂತ ಆಫೀಸಿನ ಗೆಳತಿ ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಹ್ಞೂಂ ಅಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ನನ್ನ ಗಂಡ ನಕ್ಕರು. ಅವರು ಸವಣೂರಿನವರು. “ಮನಿಯಿಂದ ಕಾರಿನ ತನಕಾ ಹೋಗಾಕ ಚಳಿ ಚಳಿ ಅಂತಿ. ಮೂರು ತಾಸು ಐಸ್ ಮ್ಯಾಲೆ ಕುಂದರ್ತೀಯಾ?”

ಕೂತೇ ಕೂರುತ್ತೇನೆ ಅಂದೆ. ಮೀನಿನ ಆಸೆಗಲ್ಲ. ನಾನು ಹನ್ನೆರಡು ವರ್ಷದವಳಿದ್ದಾಗ ಅಪ್ಪ ಹೇಳಿದ ಒಂದು ಮಾತು ಇನ್ನೂ ಒಳಗೆ ಕುಟುಕುತ್ತಿತ್ತು.

ನಮ್ಮೂರು ಹಾನಗಲ್ ತಾಲೂಕಿನ ತಿಳವಳ್ಳಿ ಕಡೆಯದು. ಆ ಕಡೆಯವರಿಗೆ, ಪಕ್ಕದ ಸೊರಬದವರಿಗೆ ಕೆರೆ ಬೇಟೆ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ 2024ರಲ್ಲಿ ಬಂದ ‘ಕೆರೆಬೇಟೆ’ ಸಿನಿಮಾದಿಂದ ಹೆಸರಾದರೂ ಗೊತ್ತಿರಬಹುದು. ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲು, ಸೊಂಟದ ಮಟ್ಟಕ್ಕೆ ಇಳಿದಾಗ ಊರ ಹಿರಿಯರು ಒಂದು ದಿನ ಗೊತ್ತುಮಾಡುತ್ತಾರೆ. ಒಂದು ಕೂಣಿಗೆ ಇಷ್ಟು ಅಂತ ಹಣ. ಆ ಹಣ ಗುಡಿಗೋ, ಊರಿನ ಕೆಲಸಕ್ಕೋ ಹೋಗುತ್ತದೆ. ಸುತ್ತಲ ಹಳ್ಳಿಗಳಿಂದ ಬೈಕು, ಟ್ರ್ಯಾಕ್ಟರ್ ಹತ್ತಿ ಜನ ಬರುತ್ತಾರೆ. ದಂಡೆಯಲ್ಲಿ ಪೂಜೆ ಮುಗಿದು ಸೂಚನೆ ಸಿಕ್ಕಿದ್ದೇ ತಡ, ಎಲ್ಲರೂ ಒಟ್ಟಿಗೆ ಕೆರೆಗೆ ನುಗ್ಗುತ್ತಾರೆ.

ಕೂಣಿ ನೋಡದವರಿಗೆ ಹೇಳಬೇಕು. ಬಿದಿರಿನ ಕಡ್ಡಿಗಳಿಂದ ಹೆಣೆದದ್ದು, ಕೆಳಗೆ ಅಗಲ, ಮೇಲೆ ಸಣ್ಣ ಬಾಯಿ. ಅದನ್ನು ನೀರಿನೊಳಗೆ ಕೆಸರು ಮುಟ್ಟುವಂತೆ ಒತ್ತಬೇಕು. ಒಳಗೆ ಮೀನು ಸಿಕ್ಕಿದ್ದರೆ ಕಡ್ಡಿಗೆ ಬಡಿಯುತ್ತದೆ, ಹಿಡಿದ ಕೈಗೆ ಗೊತ್ತಾಗುತ್ತದೆ. ಆಮೇಲೆ ಮೇಲಿನ ಬಾಯಿಂದ ಕೈ ಹಾಕಿ ತಡಕಿ ಹಿಡಿಯಬೇಕು. ಕಾಟ್ಲಾ, ರೋಹು, ಗೌರಿ, ಯಾವುದು ಸಿಕ್ಕರೆ ಅದು ನಿನ್ನದು.

ಅಪ್ಪ ಯಾವತ್ತೂ ಮೊದಲು ಓಡುತ್ತಿರಲಿಲ್ಲ. “ಮಂದಿ ತುಳಿದು ನೀರು ರಾಡಿ ಆದಮ್ಯಾಲೆ ಮೀನ ತಾವ ದಂಡಿ ಕಡೆ ಬರ್ತಾವ” ಅನ್ನುತ್ತಿದ್ದ. ಬಂದೇ ಬರುತ್ತಿದ್ದವು. ಅಪ್ಪನ ಹಿಂದೆ ಏರಿ ಮೇಲೆ ಚೀಲ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ವರ್ಷ ತಡೆಯಲಾಗಲಿಲ್ಲ. ಚೀಲ ಕೆಳಗಿಟ್ಟು ಲಂಗ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟೆ. ಅಪ್ಪ ತಿರುಗಿ ನೋಡಿದ.

“ಏ ತಂಗಿ, ಮ್ಯಾಲೆ ಹೋಗು. ಹೆಣ್ಮಕ್ಕಳು ಇಳಿಯೂ ಜಾಗ ಅಲ್ಲ ಇದು.”

ನನಗಿಂತ ಎರಡು ವರ್ಷ ಸಣ್ಣವನಾದ ನನ್ನ ತಮ್ಮ ಆಗಲೇ ಎದೆಮಟ್ಟದ ನೀರಿನಲ್ಲಿದ್ದ. ನಾನು ಮೇಲೆ ಬಂದೆ. ಆ ರಾತ್ರಿ ಮೀನು ತಿನ್ನಲಿಲ್ಲ. ಅವ್ವನ ತವರು ಹಿರೇಕೆರೂರು, ಊರಿನ ಹೆಸರಲ್ಲೇ ಕೆರೆ ಇರುವ ಊರು. ಆಕೆ ಮೀನು ಸ್ವಚ್ಛ ಮಾಡುತ್ತಾ ತಲೆ ಎತ್ತದೇ ಹೇಳಿದಳು: “ನಮ್ಮಪ್ಪನೂ ನನಗ ಹಂಗ ಅಂದಿದ್ದ ಬಿಡು.” ಆ ‘ಬಿಡು’ ನನಗೆ ಇನ್ನೂ ಸಿಟ್ಟು ತರಿಸಿತು.

ಇಪ್ಪತ್ತು ವರ್ಷ ಕಳೆದ ಮೇಲೆ ಪ್ರಾಜೆಕ್ಟ್ ನೆಪದಲ್ಲಿ ಮಿನಿಯಾಪೊಲಿಸ್‌ಗೆ ಬಂದೆ. ಅಮೆರಿಕದ ಮಿನ್ನೆಸೋಟಾ ರಾಜ್ಯ, ಕಾರಿನ ನಂಬರ್ ಪ್ಲೇಟಿನಲ್ಲೂ ‘ಹತ್ತು ಸಾವಿರ ಕೆರೆಗಳು’ ಎಂದು ಬರೆದುಕೊಳ್ಳುವ ನಾಡು. ಅಲ್ಲಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ ಬ್ರೈನರ್ಡ್ ಎಂಬ ಊರು. ಅದರ ಹತ್ತಿರದ ಗಲ್ ಲೇಕ್ ಮೇಲೆ 1991ರಿಂದ ಸ್ಥಳೀಯ ಜೇಸೀಸ್ ಸಂಸ್ಥೆಯವರು ಈ ಸ್ಪರ್ಧೆ ನಡೆಸುತ್ತಿದ್ದಾರೆ. ಟಿಕೆಟ್ ಹಣದಲ್ಲಿ ಉಳಿದದ್ದು ಸಮಾಜಸೇವೆಗೆ. ಅದನ್ನು ಓದಿದಾಗ ನಮ್ಮ ಕೂಣಿ ಹಣ ನೆನಪಾಗಿ ನಗು ಬಂತು.

2023ರ ಜನವರಿ ಕೊನೆಯ ಶನಿವಾರ. ಹಾಕಿದ್ದ ಬಟ್ಟೆ ಲೆಕ್ಕ ಹಾಕಿದರೆ ಐದು ಪದರ. ನಮ್ಮ ಜೊತೆ ಬಂದ ಶಿಗ್ಗಾವಿಯ ಹುಡುಗ ಅಪ್ಪಟ ಸಸ್ಯಾಹಾರಿ, “ನಾ ಮೀನ ಮುಟ್ಟೂದಿಲ್ಲ, ಚಹಾ ನೋಡ್ಕೋತೀನಿ” ಅಂತ ಎರಡು ಫ್ಲಾಸ್ಕ್ ಹಿಡಿದಿದ್ದ. ಗಂಡನ ಜೇಬಿನಲ್ಲಿ ಅತ್ತೆ ಕಳಿಸಿದ ಸವಣೂರ ಖಾರಾ.

ಕೆರೆ ಮೇಲೆ ಮೊದಲ ಹೆಜ್ಜೆ ಇಡುವಾಗ ಎದೆ ಹೊಡೆದುಕೊಂಡಿತು. ಮನುಷ್ಯ ನಡೆಯಲು ಕನಿಷ್ಠ ನಾಲ್ಕು ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು ಅನ್ನುತ್ತಾರೆ ಅಲ್ಲಿನವರು. ಅವತ್ತು ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಆದರೂ ಕಾಲ ಕೆಳಗೆ ನೀರಿದೆ ಅನ್ನುವುದು ತಲೆಯಿಂದ ಹೋಗಲೊಲ್ಲದು. ಸುತ್ತ ನೋಡಿದರೆ ಬಯಲು ತುಂಬ ಜನ, ಸಾವಿರಾರು ಜನ. ನೆಲಕ್ಕೆ ತೂತು ಕೊರೆದು ಇಟ್ಟಿದ್ದಾರೆ, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ತಲೆ ಬಗ್ಗಿಸಿ ಇಣುಕಿದರೆ ಕಪ್ಪು ನೀರು.

ಇಡೀ ಕೆರೆ ಯಾಕೆ ಗಡ್ಡೆಯಾಗುವುದಿಲ್ಲ ಎಂಬ ಪ್ರಶ್ನೆಗೆ ಶಾಲೆಯ ಪಾಠ ಅವತ್ತು ಅರ್ಥವಾಯಿತು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆಯೇ ಉಳಿದು, ಮೇಲೆಯೇ ಹೆಪ್ಪುಗಟ್ಟುತ್ತದೆ. ಕೆಳಗೆ ನೀರು ನೀರಾಗಿಯೇ ಇರುತ್ತದೆ, ಮೀನು ಜೀವ ಹಿಡಿದುಕೊಂಡಿರುತ್ತವೆ. ಆದರೆ ಆ ಚಳಿಗೆ ಅವು ಮಂದ. ಓಡಾಟ ಕಡಿಮೆ, ಹಸಿವು ಕಡಿಮೆ. ಹಾಗಾಗಿ ಗಾಳ ಸಣ್ಣದು, ಹುಳ ಸಣ್ಣದು, ಒಂದು ಮೊಳದಷ್ಟೇ ಉದ್ದದ ಕೋಲು. ಗಾಳವನ್ನು ತಳದ ಹತ್ತಿರ ಬಿಟ್ಟು ಬೆರಳಷ್ಟು ಎತ್ತಬೇಕು, ಇಳಿಸಬೇಕು.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಸ್ಪರ್ಧೆ. ಹಿಡಿದವರು ಮೀನಿನ ಸಮೇತ ತೂಕದ ಜಾಗಕ್ಕೆ ಓಡಬೇಕು. ಅತಿ ಭಾರದ ಮೀನಿಗೆ ಪಿಕಪ್ ಟ್ರಕ್ ಬಹುಮಾನ.

ಮೊದಲ ಒಂದು ತಾಸು ಏನೂ ಇಲ್ಲ. ತೂತಿನ ಬಾಯಿಗೆ ತೆಳು ಮಂಜು ಕಟ್ಟುತ್ತಲೇ ಇತ್ತು, ನಾನು ಜಾಲರಿ ಸೌಟಿನಿಂದ ತೆಗೆಯುತ್ತಲೇ ಇದ್ದೆ. ನಮ್ಮ ಕಡೆ ಬೋಂಡಾ ಎತ್ತುವ ಝಾರಿಯಂಥದೇ ಸೌಟು. ಬಲಗಡೆ ಒಬ್ಬ ಅಜ್ಜ, ಎಡಗಡೆ ಒಬ್ಬ ಅಮ್ಮ ಮತ್ತು ಅವಳ ಎಂಟ್ಹತ್ತು ವರ್ಷದ ಮಗಳು. ಆ ಹುಡುಗಿಗೂ ಅವಳದೇ ಒಂದು ತೂತು. ಯಾರೂ ಅವಳಿಗೆ ಚೀಲ ಹಿಡಿ ಅಂದಿರಲಿಲ್ಲ. ನನಗೆ ಮೀನಿಗಿಂತ ಹೆಚ್ಚು ಅವಳನ್ನೇ ನೋಡಬೇಕು ಅನ್ನಿಸುತ್ತಿತ್ತು.

ಎರಡೂವರೆ ಹೊತ್ತಿಗೆ ಕೋಲಿನ ತುದಿ ಒಂದಿಷ್ಟೇ ಅಲುಗಿತು. ಮಂಜೋ, ಗಾಳಿಯೋ ಅಂದುಕೊಂಡೆ. ಮತ್ತೆ ಅಲುಗಿತು. ಕೂಣಿ ಕಡ್ಡಿಗೆ ಮೀನು ಬಡಿದರೆ ಹೇಗಿರುತ್ತದೆ ಅಂತ ಅಪ್ಪ ಬಾಯಲ್ಲಿ ಹೇಳಿದ್ದನಲ್ಲ, ಅದು ಹೀಗೇ ಇರಬೇಕು. ಎಳೆದೆ. ಹಳದಿ ಮೈ, ಅಡ್ಡಕ್ಕೆ ಕಪ್ಪು ಪಟ್ಟೆ. ಪರ್ಚ್ ಅನ್ನುವ ಮೀನು, ನನ್ನ ಅಂಗೈಗಿಂತ ಸ್ವಲ್ಪ ಉದ್ದ.

ಗೆಲ್ಲುವ ಮೀನಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ನಾನು ಆ ದಪ್ಪ ಬೂಟಿನಲ್ಲಿ ಎಡವುತ್ತಾ ಓಡಿದೆ. ತೂಕ ಹಾಕಿದವರು ನಕ್ಕರು, ನಾನೂ ನಕ್ಕೆ. ಬಹುಮಾನದ ಪಟ್ಟಿಯ ಹತ್ತಿರಕ್ಕೂ ಬರಲಿಲ್ಲ. ಫೋಟೋ ತೆಗೆಯೋಣ ಅಂದರೆ ಚಳಿಗೆ ಫೋನ್ ಸತ್ತುಹೋಗಿತ್ತು.

ರಾತ್ರಿ ಮನೆಗೆ ಬಂದು ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಭಾನುವಾರ ಬೆಳಿಗ್ಗೆ. ಅಪ್ಪ ಚಹಾ ಕುಡಿಯುತ್ತಾ ಕೂತಿದ್ದ. ಇಪ್ಪತ್ತು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತು ನಾಲಿಗೆ ತುದಿಯಲ್ಲಿತ್ತು: ನೋಡು, ಹೆಣ್ಮಕ್ಕಳು ಇಳಿಯೋ ಜಾಗಾನೂ ಇರ್ತಾವ. ಆದರೆ ಅಪ್ಪ ಮೊದಲು ಕೇಳಿದ್ದು ಬೇರೆ. “ನೀರು ಎಷ್ಟು ಆಳ ಇತ್ತು? ಯಾವ ಹುಳ ಹಾಕಿದ್ದಿ? ಮೀನ ತಳಕ್ಕ ಇತ್ತೋ ನಡುವ ಇತ್ತೋ?” ಅರ್ಧ ತಾಸು ಬರೀ ಇದೇ ಮಾತು. ಕೊನೆಗೆ, “ಆ ತೂತಿನ್ಯಾಗ ಕೂಣಿ ಹಿಡಿಸಂಗಿಲ್ಲ ಬಿಡು” ಅಂತ ನಕ್ಕ. ಒಬ್ಬ ಬೇಟೆಗಾರ ಇನ್ನೊಬ್ಬ ಬೇಟೆಗಾರನ ಜೊತೆ ಮಾತಾಡಿದ ಹಾಗಿತ್ತು. ನನ್ನ ಮಾತು ಒಳಗೇ ಉಳಿಯಿತು.

ಮರುವರ್ಷ ಎರಡೂ ಕೆರೆಗಳು ಕೈಕೊಟ್ಟವು. 2023ರ ಮುಂಗಾರು ಸೋತು ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಅದೇ ಚಳಿಗಾಲ ಮಿನ್ನೆಸೋಟಾದಲ್ಲಿ ಚಳಿಯೇ ಸರಿಯಾಗಿ ಬೀಳದೆ, ಮಂಜು ತೆಳುವಾಗಿ, 2024ರ ಜನವರಿಯ ಸ್ಪರ್ಧೆಯನ್ನು ಮುಂದೂಡಿದರು.

ಆ ಬೇಸಿಗೆ ಊರಿಗೆ ಹೋದೆ. ಕೆರೆ ಬಿರುಕುಬಿಟ್ಟಿತ್ತು. ಅಪ್ಪನಿಗೆ ಮೊಣಕಾಲು ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಿದ್ದ. ಸಂಜೆ ಇಬ್ಬರೂ ಏರಿ ಮೇಲೆ ಕೂತೆವು, ನಾನು ಚೀಲ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಾನಾಗಿಯೇ ಹೇಳಿದ.

“ಆವತ್ತು ನೀ ಇಳಿದಿದ್ರ ಏನೂ ಆಗ್ತಿರಲಿಲ್ಲ ತಂಗಿ. ಮಂದಿ ಏನಾರ ಅಂದಾರು ಅಂತ ನಾ ಅಂಜಿದೆ. ಅಂಜಿಕಿ ನಂದು, ಮ್ಯಾಲೆ ಕಳಿಸಿದ್ದು ನಿನ್ನ.”

ಆ ದಿನ ಅವನಿಗೂ ನೆನಪಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಏನು ಹೇಳಬೇಕೋ ತಿಳಿಯಲಿಲ್ಲ. ಪರವಾಗಿಲ್ಲ ಅನ್ನಲು ಮನಸ್ಸು ಬರಲಿಲ್ಲ, ಯಾಕೆಂದರೆ ಪರವಾಗಿಲ್ಲ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. “ಅವ್ವನ ಅಪ್ಪನೂ ಹಂಗ ಅಂದಿದ್ನಂತ” ಅಂದೆ. “ಹೌದೇನು?” ಅಂದ ಅಪ್ಪ. ಇಷ್ಟು ವರ್ಷ ಸಂಸಾರ ಮಾಡಿದರೂ ಆ ವಿಷಯ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಹೋದಮೇಲೆ ಅವ್ವನ ಹತ್ತಿರ ಹೋಗಿ ಏನೋ ಮೆಲ್ಲಗೆ ಕೇಳಿದ. ಅವ್ವ ಪದರಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದು ಕೇಳಿಸಿತು.

2024ರ ಮಳೆಗಾಲ ಚೆನ್ನಾಗಿ ಬಂತು. ಒಂದು ದಿನ ಅಪ್ಪನಿಂದ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ. ನೀರಿನ ಸದ್ದಿನ ಮೇಲೆ ಅವನ ದನಿ: “ಕೋಡಿ ಬಿದ್ದೈತಿ ನೋಡ!” ಅದರ ಹಿಂದೆಯೇ ಇನ್ನೊಂದು ವಾಯ್ಸ್ ಮೆಸೇಜ್. “ಹೊಸಾ ಕೂಣಿ ಹೆಣಿಯಾಕ ಹೇಳೇನಿ. ಹಗುರ ಮಾಡಪಾ ಅಂದೀನಿ, ನಿನ್ನ ಕೈಗೆ ಆಗಬೇಕಲ್ಲ.”

ಆ ಮೆಸೇಜನ್ನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಮೂರು ಸಲ ಕೇಳಿದೆ. ಆಮೇಲೆ ಒಳಗೆ ಹೋಗಿ ಮೇ ತಿಂಗಳಿಗೆ ಎರಡು ವಾರ ರಜೆ ಹಾಕಿದೆ. ಮ್ಯಾನೇಜರ್ ಇಷ್ಟು ಮುಂಚೆ ಯಾಕೆ ಅಂತ ಕೇಳಿದರು. ಮೀನು ಹಿಡಿಯೋಕೆ ಅಂದೆ. ಕೆರೆ ಬೇಟೆಯ ದಿನ ಮಾತ್ರ ಊರ ಹಿರಿಯರು ಇನ್ನೂ ಗೊತ್ತುಮಾಡಿರಲಿಲ್ಲ.