ಬರೆಯುವವರು, ತಿದ್ದುವವರು

ನಮ್ಮ ನಂದಿಗುಡಿಯಲ್ಲಿ ಮೊದಲೆಲ್ಲ ಕಟ್ಟೆಯ ಮೇಲೆ ಕೂತವರ ಮಾತು ಒಂದೇ. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಬಿಟ್ಟರೂ ನಮ್ಮ ಗದ್ದೆಯವರೆಗೆ ಬರುತ್ತದೆಯೇ ಎಂಬುದು. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ಮಕ್ಕಳ ಕೆಲಸ ಉಳಿಯುತ್ತದೆಯೇ? ಭತ್ತ ಮಾರಿದ ದುಡ್ಡಿನಲ್ಲಿ, ಅದೂ ಸಾಲದೆ ಬ್ಯಾಂಕಿನ ಸಾಲದಲ್ಲಿ, ಮಕ್ಕಳನ್ನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಿಸಿದವರು ನಮ್ಮ ಕಡೆ ಬಹಳ. ಹಾಗಾಗಿ ಕೃತಕ ಬುದ್ಧಿಮತ್ತೆ ಎಂಬ ಭಾರದ ಮಾತು ನಮ್ಮ ಕಟ್ಟೆಗೂ ಬಂದು ಕೂತಿದೆ. ಕಟ್ಟೆಯವರು ಅದನ್ನು 'ಎಐ' ಎಂದು ಹಗುರ ಮಾಡಿಕೊಂಡಿದ್ದಾರೆ, ಅಷ್ಟೆ.

ನನ್ನ ತಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಏಳು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಾನೆ. ಚಿಕ್ಕವನು ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದಿದ್ದಾನೆ. "ಇವನನ್ನೂ ಕಂಪ್ಯೂಟರ್‌ಗೇ ಹಾಕ್ಲೋ ಬ್ಯಾಡೋ, ನೀನೇ ಹೇಳಕ್ಕ" ಎಂದು ತಮ್ಮ ಕೇಳಿದ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಕನ್ನಡ, ಇತಿಹಾಸ ಹೇಳಿಕೊಟ್ಟವಳನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಹಳ್ಳಿಯಲ್ಲಿ ಟೀಚರ್ ಎಂದರೆ ಮುಹೂರ್ತದಿಂದ ಹಿಡಿದು ಮುಟೇಶನ್‌ವರೆಗೆ ಎಲ್ಲವೂ ಗೊತ್ತಿರಬೇಕು. ದೊಡ್ಡವನು ರಜೆಗೆ ಬಂದಾಗ ಅವನನ್ನೇ ಹಿಡಿದು ಕೂರಿಸಿಕೊಂಡೆ.

"ಅತ್ತೆ, ನಿಮಗೇ ಒಂದು ಪ್ರೋಗ್ರಾಂ ಬರೆಸಿ ತೋರಿಸ್ತೀನಿ" ಎಂದ. ಶಾಲೆಯ ಹಾಜರಿಯನ್ನು ಲೆಕ್ಕ ಹಾಕಿ, ಶೇಕಡ 75ಕ್ಕಿಂತ ಕಡಿಮೆ ಇರುವ ಮಕ್ಕಳ ಪಟ್ಟಿ ಕೊಡು ಎಂದು ಎರಡು ಸಾಲು ಟೈಪ್ ಮಾಡಿದ. ನಾನು ಒಲೆಯ ಮೇಲಿನ ಹಾಲು ನೋಡಿ ಬರುವುದರೊಳಗೆ ಪ್ರೋಗ್ರಾಂ ಸಿದ್ಧ! ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದಕ್ಕೆ ತನಗೆ ಅರ್ಧ ದಿನ ಹಿಡಿಯುತ್ತಿತ್ತಂತೆ. ಜಗತ್ತಿನ ಪ್ರೋಗ್ರಾಮರುಗಳು ಬರೆದಿಟ್ಟ ಕೋಟಿಗಟ್ಟಲೆ ಸಾಲುಗಳನ್ನು ಆ ಯಂತ್ರಕ್ಕೆ ಉಣಿಸಿದ್ದಾರೆ. ಒಂದು ಪದದ ಮುಂದೆ ಯಾವ ಪದ ಬರುವುದು ಸಹಜ ಎಂದು ಅಂದಾಜು ಮಾಡುತ್ತ ಮಾಡುತ್ತ ಅದು ಬರೆದುಕೊಂಡು ಹೋಗುತ್ತದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದು ಅವನ ಕಚೇರಿಯ ದಿನನಿತ್ಯದ ಮಾತಾಯಿತು.

ನಾನು ಸುಮ್ಮನಿರಬೇಕಲ್ಲ! "ಆಗಸ್ಟ್‌ನಲ್ಲಿ ಟಿ.ಸಿ. ತಂದು ಸೇರಿದ ಹುಡುಗನಿಗೆ ಇದು ಎಷ್ಟು ದಿನ ಲೆಕ್ಕ ಹಿಡಿಯುತ್ತೆ?" ಎಂದು ಕೇಳಿದೆ. ಹುಡುಗ ಪರದೆ ನೋಡಿದ. ಯಂತ್ರ ಎಲ್ಲರಿಗೂ ಜೂನ್‌ನಿಂದಲೇ ಲೆಕ್ಕ ಹಿಡಿದಿತ್ತು. ಒಂದು ದಿನವೂ ತಪ್ಪಿಸಿಕೊಳ್ಳದೆ ಬಂದ ಮಗುವೂ ಪಟ್ಟಿಯಲ್ಲಿ ಕೆಳಕ್ಕೆ ಬೀಳುತ್ತಿತ್ತು. ಹೇಳಿದ ಕೂಡಲೇ ತಿದ್ದಿಕೊಂಡಿತು, ಆ ಮಾತು ಬೇರೆ. ಆದರೆ ಹೇಳುವವರು ಬೇಕಲ್ಲ. ಅಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯದಿದ್ದರೆ ನನಗೂ ಅದು ಹೊಳೆಯುತ್ತಿರಲಿಲ್ಲ.

"ಈಗ ನನ್ನ ಕೆಲಸ ಅರ್ಧ ನಿಮ್ಮದೇ ಅತ್ತೆ, ದಿನವಿಡೀ ತಿದ್ದೋದು" ಎಂದು ನಕ್ಕ. ನನಗೆ ನಗು ಬರಲಿಲ್ಲ. ಉತ್ತರಪತ್ರಿಕೆ ತಿದ್ದುವವರಿಗೆ ಗೊತ್ತು, ಅಂಕುಡೊಂಕಾಗಿ ಬರೆದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಮುತ್ತಿನಂಥ ಅಕ್ಷರದಲ್ಲಿ ಬರೆದ ತಪ್ಪು ಜಾರಿಹೋಗುತ್ತದೆ. ಈ ಯಂತ್ರದ ಅಕ್ಷರ ಸದಾ ಮುತ್ತಿನಂಥದ್ದು. 2025ರಲ್ಲಿ ಮೆಟರ್ ಎಂಬ ಅಮೆರಿಕದ ಸಂಸ್ಥೆ 16 ಮಂದಿ ಅನುಭವಿ ಪ್ರೋಗ್ರಾಮರುಗಳನ್ನು ಪರೀಕ್ಷಿಸಿತು. ಅವರಿಗೆ ಚೆನ್ನಾಗಿ ಪರಿಚಯವಿದ್ದ ಕೆಲಸಗಳೇ. ಎಐ ಬಳಸಿದಾಗ ಅವರಿಗೆ ಶೇಕಡ 19ರಷ್ಟು ಹೆಚ್ಚೇ ಸಮಯ ಹಿಡಿಯಿತು. ಮುಗಿಸಿ ಎದ್ದವರು ಮಾತ್ರ ತಾವು ಶೇಕಡ 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು! ಪರೀಕ್ಷೆ ಮುಗಿಸಿ ಹೊರಬರುವ ನಮ್ಮ ಹತ್ತನೇ ತರಗತಿಯ ಮಕ್ಕಳ ಮುಖ ನೆನಪಾಯಿತು. ಆಮೇಲೆ ಯಂತ್ರಗಳು ಇನ್ನೂ ಚುರುಕಾಗಿವೆ, ಆ ಲೆಕ್ಕ ಹಾಗೇ ನಿಲ್ಲಲಾರದು ಎನ್ನುತ್ತಾನೆ ಹುಡುಗ. ಇರಬಹುದು.

ನನಗೆ ಚಿಂತೆ ಹತ್ತಿದ್ದು ಇನ್ನೊಂದು ಲೆಕ್ಕದಿಂದ. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿ, 22ರಿಂದ 25 ವಯಸ್ಸಿನ ಪ್ರೋಗ್ರಾಮರುಗಳ ಉದ್ಯೋಗ 2022ರ ಕೊನೆಯಲ್ಲಿದ್ದುದಕ್ಕಿಂತ ಸುಮಾರು ಶೇಕಡ 20ರಷ್ಟು ಇಳಿದಿದೆ ಎಂದರು. ಹಿರಿಯರದು ಹಾಗೆ ಇಳಿದಿಲ್ಲ. ಅಂದರೆ ತಿದ್ದುವವರು ಬೇಕು, ಬರೆದು ಕಲಿಯುವವರು ಬೇಡ. ಕಾಪಿ ಬರೆಯದೆ ಯಾರಾದರೂ ಟೀಚರ್ ಆದದ್ದುಂಟೇ? ಇಂದಿನ ಹಿರಿಯರು ನಿವೃತ್ತರಾದ ಮೇಲೆ ಕೆಂಪು ಪೆನ್ನು ಹಿಡಿಯುವವರು ಯಾರು? ಹುಡುಗನನ್ನು ಕೇಳಿದರೆ ಅವನ ತಂಡಕ್ಕೆ ಎರಡು ವರ್ಷದಿಂದ ಹೊಸಬರೇ ಬಂದಿಲ್ಲವಂತೆ.

ಇದನ್ನೆಲ್ಲ ಹರಿಹರದಲ್ಲಿರುವ ನಮ್ಮ ಭಾವನವರ ಮುಂದೆ ಹೇಳಿದೆ. 1941ರಲ್ಲಿ ಶುರುವಾಗಿ, ಈಗ ಮುಚ್ಚಿ ಎಷ್ಟೋ ವರ್ಷಗಳಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಟರ್ನರ್ ಆಗಿದ್ದವರು. ದೇಶಕ್ಕೆಲ್ಲ ಲೇತು ಮಾಡಿಕೊಟ್ಟ ಊರು ನಮ್ಮ ಹರಿಹರ. ಟೂಲಿನ ಸದ್ದು ಕೇಳಿ, ಉಕ್ಕಿನ ಸಿಪ್ಪೆ ನೀಲಿಗೆ ತಿರುಗಿದ್ದು ನೋಡಿ ಕಾವು ಎಷ್ಟೇರಿದೆ ಎಂದು ಹೇಳುವ ಕಾಲದವರು ಅವರು. "ಕಂಪ್ಯೂಟರ್ ಲೇತು ಬಂದಾಗ ನಮ್ಮ ಕೈಗೂ ಹೀಗೇ ಆತಮ್ಮ" ಎಂದರು. "ಹ್ಯಾಂಡಲ್ ತಿರುಗಿಸೋದು ಹೋತು, ನಂಬರ್ ಬರೆಯೋದು ಬಂತು. ನಂಬರ್ ತಪ್ಪಾದ್ರೆ ಮಿಶಿನ್‌ಗೆ ಏನ್ ಗೊತ್ತಾಗ್ತತಿ? ಸೀದಾ ಹೋಗಿ ಟೂಲ್‌ನ ಚಕ್‌ಗೇ ಗುದ್ದತಿತ್ತು. ಹ್ಯಾಂಡಲ್ ತಿರುಗಿಸಿ ಕಲಿತೋರು ಮಾತ್ರ ಮೊದಲೇ ಹೇಳ್ತಿದ್ರು, ಇದು ಗುದ್ದತತಿ ಅಂತ."

ಲೇತಿಗೆ ನಂಬರ್ ಬರೆದು ಟರ್ನರನ ಕೈ ಬಿಡಿಸಿದ್ದು ಪ್ರೋಗ್ರಾಮರನೇ. ಈಗ ಅವನ ಕೈಗೇ ಬಂದಿದೆ. ಭಾವನವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡ ಮನುಷ್ಯರು.

ತಮ್ಮನಿಗೆ ಹೇಳಿದೆ: "ಹಾಕು. ಆದರೆ ಮೊದಲ ಎರಡು ವರ್ಷ ಅವನು ತಾನೇ ಬರೆದು, ತಾನೇ ತಪ್ಪು ಹುಡುಕಿ ಕಲೀಬೇಕು. ಆ ಯಂತ್ರದ ಕೈಲಿ ಬರೆಸಬಾರದು."

"ಹಾಸ್ಟೆಲ್‌ನಾಗೆ ಅದನ್ನ ಕಾಯೋರು ಯಾರಕ್ಕ?" ಎಂದ ತಮ್ಮ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಚಿಕ್ಕವನು ಕಾಲೇಜುಗಳ ಪಟ್ಟಿ ತುಂಬಿಸಿ ತಂದು ತೋರಿಸಿದ. ಮೊದಲಿನ ನಾಲ್ಕೂ ಕಂಪ್ಯೂಟರ್ ಸೈನ್ಸ್. ಐದನೆಯದು ಮೆಕ್ಯಾನಿಕಲ್. "ಇದ್ಯಾಕೋ?" ಎಂದೆ. "ಹರಿಹರದ ಮಾವ ಹೇಳಿದ್ರು ಅತ್ತೆ" ಎಂದ.