ವೈನಿನ ಊರಲ್ಲಿ ದ್ರಾಕ್ಷಿ ಜ್ಯೂಸ್

ಬೋರ್ಡೋಗೆ ಹೋಗ್ತಿದೀನಿ ಅಂತಷ್ಟೇ ಅಮ್ಮನಿಗೆ ಹೇಳಿದ್ದೆ. ಅಲ್ಲಿ ಏನು ಫೇಮಸ್ಸು ಅಂತ ಹೇಳಿರಲಿಲ್ಲ. ಆದರೆ ತಂಗಿ ಇದ್ದಾಳಲ್ಲ, ಗೂಗಲ್ ಮಾಡಿ ಓದಿ ಹೇಳಿಬಿಟ್ಟಿದ್ದಾಳೆ. ನಾನು ಟ್ರೈನ್ ಹತ್ತುವ ಮೊದಲೇ ಅಮ್ಮನ ವಾಯ್ಸ್ ಮೆಸೇಜ್ ಬಂತು: "ವೈನಿನ ಊರಂತಲ್ಲೋ? ಹುಷಾರು ಮಗನೇ."

ಅಪ್ಪ ಕುಡಿಯುತ್ತಿದ್ದ. ಹಾಸನದ ಹತ್ತಿರ ನಮ್ಮೂರಲ್ಲಿ ಸಾರಾಯಿ ಅಂಗಡಿ ಬಸ್‌ಸ್ಟಾಪಿಗೆ ಅಂಟಿಕೊಂಡೇ ಇತ್ತು. ಸ್ಕೂಲಿಂದ ಬರುವಾಗ ಖಾಲಿ ಪ್ಯಾಕೆಟ್ ತುಳಿದುಕೊಂಡೇ ಬರಬೇಕು. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿದ ದಿನ ಅಮ್ಮ ಪಾಯಸ ಮಾಡಿದ್ದಳು. ಮರುವಾರವೇ ಅಪ್ಪ ಪ್ಯಾಕೆಟ್ ಬಿಟ್ಟು ಬಾಟಲಿ ಹಿಡಿದ. ಖರ್ಚು ಜಾಸ್ತಿಯಾಯಿತು, ಅಷ್ಟೇ ವ್ಯತ್ಯಾಸ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಲಿವರ್ ಕೈಕೊಟ್ಟು ಹೋಗಿಬಿಟ್ಟ. ಆಫೀಸ್ ಪಾರ್ಟಿಗಳಲ್ಲಿ "ಯಾಕೋ ಬರೀ ಕೋಕ್?" ಅಂತ ಕೇಳಿದವರಿಗೆ ಇದನ್ನೆಲ್ಲ ಹೇಳುವುದು ಹೇಗೆ? ಅಸಿಡಿಟಿ ಅಂದುಬಿಡುತ್ತೇನೆ.

ಪ್ರಾಜೆಕ್ಟ್ ಕೆಲಸಕ್ಕೆ ಟುಲೂಸ್‌ನಲ್ಲಿದ್ದೆ. ಅಲ್ಲಿಂದ ಬೋರ್ಡೋ ಟ್ರೈನಿನಲ್ಲಿ ಎರಡು ಗಂಟೆಯ ದಾರಿ. ಸೆಪ್ಟೆಂಬರ್ ತಿಂಗಳು, ಬಿಸಿಲು ಹಿತವಾಗಿತ್ತು. ಸ್ಟೇಷನ್ನಿನಿಂದ ಟ್ರಾಮ್ ಹಿಡಿದೆ. ಊರಿನ ಹಳೆಯ ಭಾಗಕ್ಕೆ ಬರುತ್ತಿದ್ದಂತೆ ತಲೆಯ ಮೇಲಿನ ವೈರ್‌ಗಳೇ ಮಾಯ! ಎರಡು ಹಳಿಗಳ ನಡುವೆ ಇನ್ನೊಂದು ಹಳಿ ಇದೆ, ತುಂಡು ತುಂಡಾಗಿ. ಟ್ರಾಮ್ ಮೇಲೆ ಬಂದಾಗ ಮಾತ್ರ ಆ ತುಂಡಿಗೆ ಕರೆಂಟ್. ದಾಟಿದ ಕೂಡಲೇ ಬಂದ್, ಮಕ್ಕಳು ತುಳಿದರೂ ಏನೂ ಆಗಲ್ಲ. ಹಳೇ ಕಟ್ಟಡಗಳ ಮುಂದೆ ತಂತಿ ನೇತಾಡಬಾರದು ಅಂತ 2003ರಲ್ಲೇ ಇದನ್ನು ಮಾಡಿದ್ದಾರೆ. ಮೊದಮೊದಲು ಬಹಳ ಕೈಕೊಡುತ್ತಿತ್ತಂತೆ. ಯಾವ ಸಿಸ್ಟಮ್ ತಾನೇ ಮೊದಲ ರಿಲೀಸ್‌ನಲ್ಲಿ ಸರಿ ಇರುತ್ತೆ ಹೇಳಿ.

ಗರೋನ್ ನದಿ ಇಲ್ಲಿ ಅರ್ಧಚಂದ್ರದ ಹಾಗೆ ಬಾಗುತ್ತದೆ. ಅದಕ್ಕೇ ಬೋರ್ಡೋಗೆ 'ಚಂದ್ರನ ಬಂದರು' ಅಂತ ಹೆಸರು. ದಂಡೆಯಲ್ಲಿ 18ನೇ ಶತಮಾನದ ಪ್ಲಾಸ್ ದ ಲಾ ಬೂರ್ಸ್, ಎದುರಿಗೆ ನೆಲದ ಮೇಲೆ ಎರಡೇ ಸೆಂಟಿಮೀಟರ್ ನೀರು ನಿಲ್ಲಿಸಿ ಮಾಡಿದ 'ನೀರಿನ ಕನ್ನಡಿ'. ಅರಮನೆಯಂಥ ಕಟ್ಟಡ ತಲೆಕೆಳಗಾಗಿ ಅದರಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನೀರು ಇಳಿದು, ನೆಲದಿಂದ ಮಂಜು ಏಳುತ್ತದೆ. ಪ್ಯಾಂಟ್ ಮಡಚಿಕೊಂಡು ನಾನೂ ಇಳಿದೆ. ಈ ಊರನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಯಾವಾಗ ಅಂತ ಫೋನಲ್ಲಿ ನೋಡಿದರೆ, 2007. ಪಾಯಸದ ವರ್ಷ!

ಈ ಅಂದದ ಊರಿಗೆ ದುಡ್ಡು ಬಂದದ್ದು ವೈನ್ ಒಂದರಿಂದಲೇ ಅಲ್ಲ. ಅಕ್ಕಿತೆನ್ ಮ್ಯೂಸಿಯಂನಲ್ಲಿ ಇದನ್ನು ಮುಚ್ಚಿಡದೆ ಹೇಳಿದ್ದಾರೆ. ಇಲ್ಲಿಯ ವ್ಯಾಪಾರಿಗಳ ಹಡಗುಗಳು ಆಫ್ರಿಕಾದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಕೆರಿಬಿಯನ್ ಕಡೆ ಸಾಗಿಸಿದವು. ಅಲ್ಲಿಂದ ಸಕ್ಕರೆ, ಕಾಫಿ ಬರುತ್ತಿತ್ತು. ನದಿ ದಂಡೆಯಲ್ಲಿ ಮೊಡೆಸ್ತ್ ತೆಸ್ತಾಸ್ ಎಂಬ ಗುಲಾಮ ಹೆಣ್ಣುಮಗಳ ಪ್ರತಿಮೆ ಇದೆ, 2019ರಲ್ಲಿ ನಿಲ್ಲಿಸಿದ್ದು. ಬೋರ್ಡೋದ ವ್ಯಾಪಾರಿಗಳು ಕೊಂಡುಕೊಂಡಿದ್ದ ಹೆಣ್ಣು. ಸೆಲ್ಫಿ ತೆಗೆದುಕೊಳ್ಳುವವರು ಅಲ್ಲಿ ಕಡಿಮೆ.

ಸಂಜೆ ಸಿಟೆ ದ್ಯು ವ್ಯಾನ್‌ಗೆ ಹೋದೆ. ವೈನಿಗೆಂದೇ 2016ರಲ್ಲಿ ತೆರೆದ ದೊಡ್ಡ ಮ್ಯೂಸಿಯಂ. ದಾರಿಯಲ್ಲೊಂದು ವೈನ್ ಅಂಗಡಿಯಲ್ಲಿ ನಾಲ್ಕೈದು ಜನ ಗುಟುಕು ಬಾಯಲ್ಲಾಡಿಸಿ ಬಕೆಟ್ಟಿಗೆ ಉಗಿಯುತ್ತಿದ್ದರು. ರುಚಿ ನೋಡುವ ಕ್ರಮವೇ ಹಾಗಂತೆ. ಅಪ್ಪ ನೋಡಿದ್ದರೆ ಹುಚ್ಚು ಮುಂಡೇವು ಅಂದಿರುತ್ತಿದ್ದ.

ಮ್ಯೂಸಿಯಂ ಟಿಕೆಟ್ಟಿನಲ್ಲೇ ಎಂಟನೇ ಮಹಡಿಯಲ್ಲಿ ಒಂದು ಗ್ಲಾಸ್ ವೈನ್ ಸೇರಿದೆ. ಬೇಡದವರಿಗೆ ದ್ರಾಕ್ಷಿ ಜ್ಯೂಸ್. ನಾನು ಜ್ಯೂಸ್ ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಅಸಿಡಿಟಿ ಕಥೆ ರೆಡಿ ಇಟ್ಟುಕೊಂಡಿದ್ದೆ, ಬೇಕಾಗಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ನನ್ನ ಗ್ಲಾಸು ನೋಡಿ ನಕ್ಕು, ತಮ್ಮದನ್ನು ಮುಂದೆ ಹಿಡಿದು, "ಮೂಸಿ ನೋಡು, ಮೂಸಿದರೆ ಕುಡಿದ ಹಾಗಲ್ಲ" ಅಂದರು, ಹರುಕು ಇಂಗ್ಲಿಷಿನಲ್ಲಿ.

ಮೂಸಿದೆ. ಒಳಗೊಳಗೇ ಹೆದರಿಕೆ. ಆ ವಾಸನೆ ಬಂದರೆ ನಾನು ಅಲ್ಲಿ ನಿಲ್ಲಲಾರೆ ಅಂತ ಗೊತ್ತಿತ್ತು. ರಾತ್ರಿ ಬಾಗಿಲು ತೆಗೆದಾಗ ಅಪ್ಪನಿಗಿಂತ ಮುಂಚೆ ಒಳಗೆ ಬರುತ್ತಿದ್ದ ವಾಸನೆ. ಬರಲಿಲ್ಲ. ನೇರಳೆ ಹಣ್ಣು, ನೆಂದ ಮರ, ಅಂಥದ್ದೇನೋ. ಗ್ಲಾಸು ವಾಪಸ್ ಕೊಟ್ಟೆ. ಸಮಾಧಾನ ಆಗಬೇಕಿತ್ತು, ಸಿಟ್ಟು ಬಂತು. ಅದೇ ವಾಸನೆ ಬಂದಿದ್ದರೆ ಸುಲಭ ಇತ್ತು. ಇಲ್ಲಿ ಮೂಸಿ, ಉಗಿದು, ಮ್ಯೂಸಿಯಂ ಕಟ್ಟಿ ಸಂಭ್ರಮಿಸುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದೆವು.

ಆದರೆ ಕೆಳಗಿಳಿದು ಬಂದಾಗ ಒಂದು ವೈನ್ ಜಾಹೀರಾತು ಕಂಡಿತು. ಅಡಿಯಲ್ಲಿ ಸಣ್ಣ ಅಕ್ಷರ. ಫೋನ್ ಹಿಡಿದು ಅನುವಾದ ಮಾಡಿದೆ: ಮದ್ಯದ ಅತಿ ಸೇವನೆ ಆರೋಗ್ಯಕ್ಕೆ ಅಪಾಯ. 1991ರ ಕಾನೂನಿನ ಪ್ರಕಾರ ಹಾಕಲೇಬೇಕಂತೆ. ಅಂದರೆ ರಾತ್ರಿ ಬಾಗಿಲು ತೆಗೆಯಲು ಹೆದರುವ ಮಕ್ಕಳು ಈ ಊರಲ್ಲೂ ಇದ್ದಾರೆ.

ಹಸಿವಾಗಿತ್ತು. ಬೇಕರಿಯಲ್ಲಿ ಕನೆಲೆ ತಗೊಂಡೆ. ಹೊರಗೆ ಕಪ್ಪಾಗಿ ಗರಿಗರಿ, ಒಳಗೆ ಮೆತ್ತಗೆ, ಇಡ್ಲಿಗಿಂತ ಚಿಕ್ಕದು. ವೈನ್ ತಿಳಿಯಾಗಲು ಮೊಟ್ಟೆಯ ಬಿಳಿ ಹಾಕುತ್ತಿದ್ದರು, ಉಳಿದ ಹಳದಿಯಿಂದ ಇದು ಹುಟ್ಟಿತು ಅಂತ ಕಥೆ ಹೇಳುತ್ತಾರೆ. ಮೂರು ತಿಂದ ಮೇಲೆ ಡಬ್ಬಿಯ ಹಿಂದೆ ಓದಿದೆ. ಹಾಲು, ಸಕ್ಕರೆ, ವೆನಿಲಾ, ರಮ್. ರಮ್! ಅದೇ ಕೆರಿಬಿಯನ್ ಕಬ್ಬಿನ ಕಡೆಯ ಸರಕು.

ಮುಚ್ಚಿಡಬಹುದಿತ್ತು. ಆಗಲಿಲ್ಲ, ಫೋನ್ ಮಾಡಿದೆ. "ಅಮ್ಮಾ, ಒಂದು ತಪ್ಪಾಯ್ತು" ಅಂತ ಶುರು ಮಾಡಿ ಎಲ್ಲ ಹೇಳಿದೆ. ಆ ಕಡೆ ಸದ್ದಿಲ್ಲ.

"ಎಷ್ಟು ತಿಂದೆ?"

"ಮೂರು."

"ಸಿಹಿ ಇತ್ತಾ?"

"ಹ್ಞೂಂ."

"ನಿಮ್ಮಪ್ಪಂಗೂ ಸಿಹಿ ಅಂದ್ರೆ ಪ್ರಾಣ ಕಣೋ. ಸಂಬಳದ ದಿನ ಒಂದೊಂದ್ಸಲ ದಿಲ್‌ಪಸಂದ್ ತರೋನು, ನೆನಪಿದ್ಯಾ?"

ನೆನಪಿತ್ತು. ಎಣ್ಣೆ ಜಿಡ್ಡಿನ ಪೇಪರ್ ಪೊಟ್ಟಣ, ತಂಗಿಗೆ ದೊಡ್ಡ ಪಾಲು.